ಚೆಂಡಿಲ್ಲದ ತಿಂಗಳು

ಜೂನ್ ಒಂದಕ್ಕೆ ಬೈತಖೋಲದಲ್ಲಿ ದೋಣಿಗಳು ದಡಕ್ಕೆ ನಿಂತವು.
ಅದೇ ದಿನ ಗಾಂವಕರ ಸರ್
ಚೆಂಡಿನ ಡಬ್ಬಿಗಳನ್ನೆಲ್ಲ ಕಪಾಟಿಗೆ ತುಂಬಿ ಬೀಗ ಜಡಿದರು:
‘ಮೀನಿಗೂ ಅರವತ್ತೊಂದು ದಿನ, ನಿಮಗೂ ಅರವತ್ತೊಂದು.
ಚೆಂಡು ಮುಟ್ಟಿದವರ ಹೆಸರು ಪಟ್ಟಿಯಿಂದ ತೆಗೀತೆ.’

ಹುಡುಗಿಯರು ಐದು ಜನ. ನಾನು ಐದನೆಯವಳು,
ಅಂದರೆ ನೀರಿನ ಬಾಟಲಿ, ಟವೆಲ್ಲು, ಸ್ಕೋರು ಬರೆಯುವ ಪೆನ್ನು,
ಮತ್ತೆ ಯಾರದಾದರೂ ಕಾಲು ಉಳುಕಲಿ ಎಂಬ ಪಾಪದ ಆಸೆ.
ಹೋದ ಡಿಸೆಂಬರಿನಲ್ಲಿ ಉಳುಕಿತು. ಸುನಯನಾ ಪೆಡ್ನೇಕರಳದು.
ಧಾರವಾಡದ ಕೆಂಪು ಅಂಕಣಕ್ಕೆ ನಾನು ಇಳಿದೆ.
ಮೂರನೇ ಸೆಟ್ಟು ಮುಟ್ಟುವಾಗ ತೊಡೆಗಳು ನನ್ನವಾಗಿರಲಿಲ್ಲ.
ಎರಡು ಸರ್ವು, ಎರಡೂ ಬಲೆಗೆ.
ಅರಬೈಲು ಘಟ್ಟ ಇಳಿಯುವತನಕ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.
ಅಲ್ಲ, ಎಲ್ಲರೂ ಮಾತಾಡಿದರು, ತುಂಬಾ ಚೆನ್ನಾಗಿ.
ಅದೇ ಕಷ್ಟ.

ಓಡುವ ಹೊತ್ತು ಗಡಿಯಾರದ್ದಲ್ಲ, ಸಮುದ್ರದ್ದು.
ಸುಕ್ತಿ ಐದೂವರೆಗಾದರೆ ಐದೂವರೆಗೆ,
ಮರುದಿನ ಮುಕ್ಕಾಲು ಗಂಟೆ ತಡ.
ನೀರು ಬಿಟ್ಟುಕೊಟ್ಟ ಒದ್ದೆ ಪಟ್ಟಿಯ ಮೇಲೆ
ಕೋಡಿಬಾಗದ ಕಡೆಗೆ, ಕಾಳಿಯ ಬಾಯಿಯವರೆಗೆ, ವಾಪಸು.
ಗಟ್ಟಿ ಮರಳಲ್ಲಿ ಹೋಗು, ಸಡಿಲ ಮರಳಲ್ಲಿ ಬಾ.
ಸಡಿಲ ಮರಳು ಇಟ್ಟ ಹೆಜ್ಜೆಯಲ್ಲಿ ಅರ್ಧ ತಾನೇ ಇಟ್ಟುಕೊಳ್ಳುತ್ತದೆ,
ಮೀನುಪೇಟೆಯ ದಲಾಲಿಯ ಹಾಗೆ.
ಮಳೆ ಬಂದರೆ? ಮಳೆ ಬಂದೇ ಇತ್ತು.

ಬಂದರಿನಿಂದ ಟ್ರಾಲರಿನ ಹಳೆ ಹಗ್ಗ ತಂದವನು ಹುಡುಗರ ತಂಡದ ವಿಲ್ಟನ್.
ತೋಳಿನಷ್ಟು ದಪ್ಪ, ಬಂಗುಡೆಯ ವಾಸನೆ.
ನಡುವನ್ನು ಗಾಳಿಮರಕ್ಕೆ ಸುತ್ತಿ, ಎರಡು ತುದಿ ಎರಡು ಕೈಗೆ,
ಅಲೆ ಎಬ್ಬಿಸಬೇಕು, ಮೂವತ್ತು ಎಣಿಸುವತನಕ.
ಎದುರಿಗೆ, ಎಣಿಸದೆ ಎಬ್ಬಿಸುತ್ತಿದ್ದದ್ದು ಒಂದಿತ್ತು.
ಎಷ್ಟು ತೊಳೆದರೂ ಕೈಯಲ್ಲಿ ಮೀನು.
ಮನೆಯಲ್ಲಿ ಮೀನಿನ ಸಾರಿಲ್ಲದ ಆ ದಿನಗಳಲ್ಲಿ
ವಾಸನೆಗೇ ಎರಡು ತುತ್ತು ಹೆಚ್ಚು ಇಳಿಯಿತು.

ಅಪ್ಪನೂ ಮನೆಯಲ್ಲೇ. ಜಗಲಿಯ ತುಂಬ ನೀಲಿ ನೈಲಾನು.
ಕಾಲೇಜಿನ ಬಲೆಯನ್ನು ಇಲಿ ಕಡಿದಿತ್ತು. ನಾನೇ ಹೊತ್ತು ತಂದೆ.
ಬಿಡಿಸಿದ, ಬೆಳಕಿಗೆ ಹಿಡಿದ, ಕಣ್ಣಿನೊಳಗೆ ಎರಡು ಬೆರಳು ತೂರಿಸಿದ.
‘ಇದರಲ್ಲಿ ಏನು ಸಿಗ್ತದೆ?’
‘ಏನೂ ಸಿಗಬಾರದು ಅಪ್ಪ. ಸಿಕ್ಕರೆ ಸೋತ ಹಾಗೆ.’
ಅಪ್ಪ ಬಹಳ ಹೊತ್ತು ಅದನ್ನೇ ಯೋಚಿಸಿದ.
ಎರಡು ಸಂಜೆಗೆ ತೂತು ಮುಚ್ಚಿತು.
ಕಪ್ಪು ಬಲೆಗೆ ನೀಲಿ ತೇಪೆ, ಇಸ್ವಾಣ ಬಿದ್ದರೂ ತಪ್ಪಿಸಿಕೊಳ್ಳದ ಗಂಟು.

ಮಧ್ಯಾಹ್ನ, ಕೆಮಿಸ್ಟ್ರಿ ಲ್ಯಾಬಿನ ಹೊರಗಿನ ಮೊಗಸಾಲೆಯಲ್ಲಿ
ಚೆಂಡಿಲ್ಲದ ಸರ್ವು, ನೂರು.
ಎಡಗೈ ಎತ್ತಿ ಬಿಡಬೇಕು, ಇಲ್ಲದ್ದನ್ನು.
ಕಣ್ಣು ಅದರ ಹಿಂದೆ ಹೋಗಬೇಕು.
ಮೊದಲ ವಾರ ನಾಚಿಕೆ. ಬಿಕಾಂ ಹುಡುಗರು ಹಿಂದೆ ನಿಂತು
‘ಔಟ್! ಔಟ್!’ ಎಂದು ಕೂಗಿದರು.
ನಾಲ್ಕನೆಯ ವಾರ, ಹೇಗೋ, ಅದು ಕಾಣತೊಡಗಿತು:
ಹಳದಿ, ಒಂದಿಷ್ಟು ಮುಂದಕ್ಕೆ,
ಒಡೆದ ಹಂಚಿನ ಸಂದಿಯ ಬೆಳಕಿನ ಎತ್ತರಕ್ಕೆ.
ಸರ್ ಛತ್ರಿ ಮಡಚುತ್ತ ‘ಅಡ್ಡಿಲ್ಲ’ ಎಂದರು.
ನಮ್ಮ ಕಡೆ ಇದಕ್ಕಿಂತ ದೊಡ್ಡ ಮಾತಿಲ್ಲ.

ಆಗಸ್ಟ್ ಒಂದು. ಅಪ್ಪ ಕತ್ತಲಲ್ಲೇ ಹೋದ.
ನಾವು ಹಿಡಿಸೂಡಿಯಿಂದ ಅಂಕಣದ ಪಾಚಿ ಉಜ್ಜಿ,
ನೀಲಿ ತೇಪೆಯ ಬಲೆ ಬಿಗಿದು, ಕಪಾಟಿನ ಎದುರು ಸಾಲಾಗಿ ನಿಂತೆವು.
ಸುನಯನಾ ಒಂದು ಚೆಂಡನ್ನು ನೆಲಕ್ಕೆ ಬಿಟ್ಟಳು.
ಮೊಣಕಾಲಿಗೂ ಬರಲಿಲ್ಲ.
ಇನ್ನೊಂದು. ಅದೂ ಬೇಯಿಸಿದ ಬಟಾಟೆ.
ಎರಡು ತಿಂಗಳ ಥಂಡಿ ಕುಡಿದು ಎಲ್ಲ ಸತ್ತಿದ್ದವು.
ವಿಲ್ಟನ್ ನಗತೊಡಗಿದ, ಆಮೇಲೆ ಸರ್ ಕೂಡ.
ಹುಬ್ಬಳ್ಳಿಯಿಂದ ಹೊಸ ಡಬ್ಬಿ ಬರಲು ಶುಕ್ರವಾರವಾಗುತ್ತದಂತೆ.

ನಾನು ತೊಡೆ ಮುಟ್ಟಿ ನೋಡಿಕೊಂಡೆ. ನನ್ನದೇ.
‘ನಾಳೆ ಸುಕ್ತಿ ಎಷ್ಟಕ್ಕೆ?’
ಯಾರೋ ಕೇಳಿದರು.